ನಲವತ್ತೊಂದನೆಯ ದನಿ

"ಪೆಟ್ಟಿಗೆಗೆ ಒಂದು ವಿವರ ಬರೆದರೆ ಸಾಲದೇ ಗುರುಗಳೇ? ಒಳಗಿರುವ ಪ್ರತಿಯೊಂದು ದನಿಗೂ ಬೇರೆ ಬೇರೆ ಬರೆಯಬೇಕೇ?" ಎಂದು ಶಿಷ್ಯ ಕೇಳಿದ.

ಮಠದಲ್ಲಿ ಧ್ವನಿಮುದ್ರಿಸಿ ಪೆಟ್ಟಿಗೆಗಳಲ್ಲಿ ಇಟ್ಟ ಪ್ರವಚನಗಳು ನಾಲ್ಕು ಸಾವಿರ ಇದ್ದವು. ಹೇಳಿದವರು ಯಾರು, ಎಲ್ಲಿ, ಏತಕ್ಕಾಗಿ ಎಂಬುದನ್ನು ಯಂತ್ರಗಳಿಗೂ ತಿಳಿಯುವ ರೀತಿಯಲ್ಲಿ ಬರೆದು ಅಂತರಜಾಲಕ್ಕೆ ಸೇರಿಸುವ ಕೆಲಸ ಅವನದು. ಮರುದಿನವೇ ಸೇರಿಸಬೇಕಿತ್ತು.

ಗುರು ಕತೆ ಹೇಳಿದರು.

ಒಂದು ಊರಿನಲ್ಲಿ ಇದೇ ಕೆಲಸ ಮಾಡುವವನೊಬ್ಬನಿದ್ದ. ಹೊಳೆಯ ಮೇಲ್ದಂಡೆಯಿಂದ ಒಬ್ಬ ಹೆಂಗಸು ಅವನಿಗೆ ಒಂದು ಪೆಟ್ಟಿಗೆ ತಂದುಕೊಟ್ಟಳು. ತೀರಿಕೊಂಡ ಅವಳ ತಂದೆ ಊದಿದ ಕೊಂಬಿನ ಕ್ಯಾಸೆಟ್ಟುಗಳು ಅದರಲ್ಲಿದ್ದವು. ಒಟ್ಟು ನಲವತ್ತೊಂದು ದನಿ. ಎಲ್ಲವೂ ಒಂದೇ ಮದುವೆಯಲ್ಲಿ, ಒಂದೇ ಚಪ್ಪರದಡಿ ಮುದ್ರಿಸಿದವು. ಅವನು ಹತ್ತು ಕೇಳಿದ. ಹತ್ತೂ ದಿಬ್ಬಣದ ಕೊಂಬು. ಪೆಟ್ಟಿಗೆಗೆ 'ಮದುವೆಯ ವಾದ್ಯ' ಎಂದು ಬರೆದ. ಪೆಟ್ಟಿಗೆಗೆ ಹೇಳಿದ್ದು ಒಳಗಿನ ಎಲ್ಲಕ್ಕೂ ಸಲ್ಲುತ್ತದೆ ಎಂದು ಯಂತ್ರಕ್ಕೆ ನಿಯಮ ಕೊಟ್ಟ.

"ಎಲ್ಲಾ ಕೇಳಿದ್ರಾ ಅಣ್ಣಾ?" ಎಂದಳು ಹೆಂಗಸು.

"ಹತ್ತು ಕೇಳಿದೆ ಕಣಮ್ಮ. ಅದೇ ಅಪ್ಪ, ಅದೇ ಕೊಂಬು. ಹನ್ನೊಂದನೇದಕ್ಕೆ ಕೋಡು ಮೂಡುತ್ತಾ?"

"ಕೊನೇದು ಊದುವಾಗ ನಾನು ಅಡುಗೆ ಹತ್ರ ಇದ್ದೆ, ಏನು ಊದಿದ್ರೋ ಕೇಳಿಸಲಿಲ್ಲ. ಅದೊಂದು ಕೇಳಿಬಿಡಿ."

ಕೇಳುತ್ತೇನೆ ಎಂದ. ಕೇಳುವ ಮನಸ್ಸೂ ಇತ್ತು. ಆದರೆ ಪೆಟ್ಟಿಗೆಗಳು ಇನ್ನೂ ಬಹಳ ಇದ್ದವು.

ಅವನು ಬರೆದದ್ದನ್ನು ಒಂದು ಯಂತ್ರ ಓದಿತು. ಅದರಿಂದ ಇನ್ನೊಂದು ಎತ್ತಿಕೊಂಡಿತು, ಅದರಿಂದ ಮತ್ತೊಂದು. ಮದುವೆಯ ವಾದ್ಯ ಬೇಕೆಂದವರಿಗೆಲ್ಲ ಆ ಪೆಟ್ಟಿಗೆ ಸಿಕ್ಕಿತು. ಜನ ಹೆಚ್ಚು ಮೆಚ್ಚಿದ್ದು ನಲವತ್ತೊಂದನೆಯದನ್ನು. ಮೂರು ಉದ್ದನೆಯ ಎಳೆತ, ನಡುವೆ ಉಸಿರು ಕಟ್ಟಿಸುವ ಮೌನ. ಕೆಳಗಿನ ಊರುಗಳಲ್ಲಿ ಮದುಮಗ ಚಪ್ಪರಕ್ಕೆ ಬರುವಾಗ ಅದನ್ನೇ ಧ್ವನಿವರ್ಧಕದಲ್ಲಿ ಹಾಕತೊಡಗಿದರು.

ಮೊದಲ ಸಲ ಅದು ಕೇಳಿದಾಗ ಒಬ್ಬ ಮುದುಕಿ ಎಲೆ ಬಿಟ್ಟು ಎದ್ದಳು. ಪಕ್ಕದ ಮಗುವನ್ನು ಬಾಚಿಕೊಂಡು ದಿಬ್ಬದ ಕಡೆ ಓಡಿದಳು.

"ಅಜ್ಜೀ, ಬಂದಿದ್ದು ಮದುಮಗ, ಹೊಳೆ ಅಲ್ಲ. ಪಾಯಸ ಮುಗಿಯೋದ್ರೊಳಗೆ ಬಾ" ಎಂದು ಹುಡುಗರು ನಕ್ಕರು.

ಎರಡನೆಯ ವರ್ಷ ಮುದುಕಿ ಎದ್ದು ನಿಂತಳು, ಓಡಲಿಲ್ಲ. ಮೂರನೆಯ ವರ್ಷ ಏಳಲೂ ಇಲ್ಲ.

ಆ ವರ್ಷವೇ ಒಂದು ಬೆಳಗ್ಗೆ, ಬಿಸಿಲು ಏರುವ ಹೊತ್ತಿಗೆ, ಮೇಲ್ದಂಡೆಯ ಹೆಂಗಸು ಹೊಳೆ ಕೆಂಪಾಗಿ ಉಬ್ಬುವುದನ್ನು ಕಂಡಳು. ಗೋಡೆಯಿಂದ ತಂದೆಯ ಕೊಂಬು ಇಳಿಸಿದಳು. ತಂದೆ ಕಲಿಸಿದಂತೆ ಮೂರು ಸಲ ಎಳೆದು ಊದಿದಳು. ಕೆಳಗಿನ ಊರಿಗೆ ಅದು ಸರಿಯಾಗಿ ಕೇಳಿಸಿತು. ಇವತ್ತು ಯಾರ ಮನೆ ಮದುವೆ ಎಂದು ಒಬ್ಬಳು ನೆರೆಯವಳನ್ನು ವಿಚಾರಿಸಿದಳು. ಒಬ್ಬ ಒಳಗೆ ಹೋಗಿ ತಲೆ ಬಾಚಿಕೊಂಡ. ಹೆಂಗಸು ಉಸಿರು ಸೋಲುವವರೆಗೆ ಊದಿದಳು. ದಿಬ್ಬಕ್ಕೆ ಯಾರೂ ಬರಲಿಲ್ಲ. ಹೊಳೆ ಬಂತು.

ಸುದ್ದಿ ತಿಳಿದ ದಿನ ವಿವರ ಬರೆದವನು ಬಾಗಿಲು ಹಾಕಿಕೊಂಡು ಕೊನೆಯ ಕ್ಯಾಸೆಟ್ಟು ಹಾಕಿದ. ಕೊಂಬು ನಿಂತ ಮೇಲೆ, ಚಪ್ಪರಗಳಲ್ಲಿ ಯಾರೂ ಅಲ್ಲಿಯವರೆಗೆ ಓಡಲು ಬಿಡದ ಕಡೆ, ಆ ಹೆಂಗಸಿನ ತಂದೆಯ ಮಾತು ಇತ್ತು. "ಇದು ಮದುವೇದಲ್ಲ ಸ್ವಾಮಿ. ಹೊಳೆ ಬಂದಾಗ ಊದೋದು. ಮಂದಿ ಹೆದರಬಾರದು ಅಂತ ಮೆಲ್ಲಗೆ ಊದಿದೀನಿ."

ಅವನು ಆ ಗಳಿಗೆಯಲ್ಲೇ ವಿವರ ತಿದ್ದಿದ. ಆದರೆ ಬೇರೆ ಯಂತ್ರಗಳು ಎತ್ತಿಕೊಂಡು ಹೋದದ್ದು ಹಾಗೆಯೇ ಉಳಿಯಿತು. ಈಗಲೂ ಯಾವುದಾದರೂ ಚಪ್ಪರದಿಂದ ಆ ದನಿ ಬಂದರೆ ಅವನು ಒಳಗೆ ಹೋಗಿ ಅದನ್ನು ನಿಲ್ಲಿಸಲು ಕೇಳಿಕೊಳ್ಳುತ್ತಾನೆ.

ಗುರು ಕತೆ ನಿಲ್ಲಿಸಿದರು. ಶಿಷ್ಯನಿಗೆ ತಾನು ಹಿಂದಿನ ವಾರ ಪೂರ್ತಿ ಕೇಳದೆ ಮುಚ್ಚಿ ಕಟ್ಟಿದ ಪೆಟ್ಟಿಗೆಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು.

"ನಮ್ಮ ಪೆಟ್ಟಿಗೆಗಳಲ್ಲಿ ಇರುವುದು ಬರೀ ಪ್ರವಚನ, ಗುರುಗಳೇ" ಎಂದ.

"ಹಾಗೆಂದು ನಿನಗೆ ಹೇಳಿದ್ದು ದನಿಯೋ, ಪೆಟ್ಟಿಗೆಯೋ?" ಎಂದರು ಗುರು.