ಚಾವಣಿಯ ಕೆಳಗೆ ಕುಳಿತವರು

ಇಲ್ಲಿ ಬರೆದ ಒಂದೊಂದು ಅಕ್ಷರವೂ ಸತ್ಯ. ಪೂಜ್ಯ ಗದಿಗಯ್ಯ ಅಜ್ಜನವರ ಪಾದ ಮುಟ್ಟಿ ಹೇಳುತ್ತೇನೆ. ಹುಲಿಯ ಜೊತೆ ಕೂತು ಎಲೆಯಡಿಕೆ ಹಾಕಿಕೊಂಡೆ ಎಂದು ನಾನು ಹಿಂದೆ ಹೇಳಿದ್ದುಂಟು. ಅದು ಬೇರೆ ಮಾತು. ಇದು ಅಜ್ಜನವರ ವಿಷಯ.

ಅಜ್ಜನವರು ಆಗ ಕಲ್ಲುಗಣಿಗಳ ನಡುವಿನ ಒಂದು ಸಣ್ಣ ಮಠದಲ್ಲಿದ್ದರು. ಮಠವೆಂದರೆ ಬಿಡಿಗಲ್ಲು ಪೇರಿಸಿದ ಒಂದು ಕೋಣೆ, ಪಕ್ಕದಲ್ಲಿ ತಗಡು ಹೊದಿಸಿದ ಅಡಿಗೆಮನೆ. ಬಿಸಿಲಿಗೆ ತಗಡು ಕಾದು, ಒಳಗೆ ರೊಟ್ಟಿ ಬಡಿಯುವವರ ನೆತ್ತಿ ಸುಡುತ್ತಿತ್ತು. ಗಣಿಯ ಕೂಲಿಯವರ ಸಾಲಿನಲ್ಲಿ ಕೂತು ಅಜ್ಜನವರು ಅದೇ ರೊಟ್ಟಿಯನ್ನು ಪ್ರಸಾದವೆಂದು ಸ್ವೀಕರಿಸುತ್ತಿದ್ದರು.

ಅಲ್ಲಿಗೆ ನನ್ನ ಅಕ್ಕನ ಮಗ ಸಂಗಮನಾಥ ಪಟ್ಟಣಶೆಟ್ಟಿಯನ್ನು ಕರೆದೊಯ್ದೆ. ದೊಡ್ಡ ವಾಸ್ತುಶಿಲ್ಪಿ. ವಸ್ತುಸಂಗ್ರಹಾಲಯ, ವಿಮಾನ ನಿಲ್ದಾಣ, ಕುರ್ಚಿ, ದೀಪ, ಎಲ್ಲಕ್ಕೂ ಅವನದೇ ವಿನ್ಯಾಸ. ಅವನಿಗೆ ಮೊದಲ ಗೆರೆ ಎಳೆಯಲು ಕಲಿಸಿದವನು ನಾನೇ, ಸುಣ್ಣದ ಗೋಡೆಯ ಮೇಲೆ, ಇದ್ದಿಲಿನಿಂದ. ಗೆರೆ ಸೊಟ್ಟಗಿತ್ತು, ಕಲಿಸಿದ್ದಂತೂ ನಿಜ.

ಮೂರು ವರ್ಷದಿಂದ ಅವನು ಒಂದು ಗೆರೆಯನ್ನೂ ಎಳೆದಿರಲಿಲ್ಲ. ಅವನ ಸಭಾಂಗಣವೊಂದರ ಚಾವಣಿ, ಕಾಂಕ್ರೀಟು ಗಟ್ಟಿಯಾಗುವತನಕ ಕೊಟ್ಟಿದ್ದ ಆಧಾರದ ಕಂಬಗಳನ್ನು ಬಿಚ್ಚುವಾಗ ಕುಸಿದು, ಈ ಗಣಿಗಳ ಕಡೆಯವನೇ ಆದ ಗಾರೆಗೆಲಸದ ಗೌಂಡಿ ಲಾಡ್ಲೇಸಾಬ ಅಡಿಯಲ್ಲಿ ಸಿಕ್ಕು ತೀರಿಕೊಂಡಿದ್ದ. ವಿಚಾರಣೆಯವರು ತಪ್ಪನ್ನು ಸಿಮೆಂಟಿನ ಮೇಲೆ ಹೊರಿಸಿದರು. ನಿನ್ನ ತಪ್ಪಿಲ್ಲ ಎಂದು ಎಲ್ಲರೂ ಅಂದರು. ನಾನೂ ನೂರು ಸಲ ಅಂದೆ. ಅಂದಷ್ಟೂ ಅವನು ಇಳಿದುಹೋದ, ಊಟ ಬಿಟ್ಟ. ಕೊನೆಗೆ ಅಕ್ಕ ಅವನ ಕೋಣೆಯ ಬಾಗಿಲಿನ ಒಳಚಿಲಕ ಕೀಳಿಸಿಬಿಟ್ಟಳು. ಯಾಕೆಂದು ನಾನು ಕೇಳಲಿಲ್ಲ.

ಅಜ್ಜನವರ ಮುಂದೆ ಅವನು ಕೈ ಕೂಡ ಮುಗಿಯಲಿಲ್ಲ. ಇದರಿಂದ ಏನೂ ಆಗುವುದಿಲ್ಲ, ಮಾಮನ ಕಾಟಕ್ಕೆ ಬಂದೆ ಎಂದ. ಅಜ್ಜನವರು ಕೇಳಿದರು:

"ಆಧಾರ ಬಿಚ್ಚೋ ದಿನ ನೀ ಎಲ್ಲಿದ್ದಿ, ತಮ್ಮಾ?"

ನಮ್ಮ ಗಣಿ ಸೀಮೆಯ ಹಳೆಯ ಗೌಂಡಿಗಳದ್ದೊಂದು ಪದ್ಧತಿ. ಆಧಾರ ಬಿಚ್ಚುವ ದಿನ, ನಕ್ಷೆ ಬರೆದವನು ಆ ಚಾವಣಿಯ ಕೆಳಗೆ ಕೂತು ರೊಟ್ಟಿ ತಿನ್ನಬೇಕು. ಅವನು ಕೂತರೆ ಮಾತ್ರ ಅವರು ಕಂಬಕ್ಕೆ ಕೈ ಹಾಕುತ್ತಾರೆ.

ಸಂಗಮನಾಥ ಆಗ ಎಲ್ಲ ಹೇಳಿದ. ಆ ದಿನ ಅವನು ಪ್ರಶಸ್ತಿ ತೆಗೆದುಕೊಳ್ಳಲು ದಿಲ್ಲಿಗೆ ಹೋಗಿದ್ದನಂತೆ. ಇನ್ನೂ ಹತ್ತು ದಿನ ಇರಬೇಕಾಗಿದ್ದ ಕಂಬಗಳನ್ನು, ಉದ್ಘಾಟನೆಗೆ ತಡವಾಗುತ್ತದೆಂದು, ಫೋನಿನಲ್ಲೇ ಬಿಚ್ಚಲು ಹೇಳಿದ್ದನಂತೆ. ಕೆಳಗೆ ಕೂರುವವರು ಯಾರು ಎಂದು ಲಾಡ್ಲೇಸಾಬ ಕೇಳಿದಾಗ, ನೀನೇ ಕೂಡು ಎಂದು ನಕ್ಕಿದ್ದನಂತೆ. ಲಾಡ್ಲೇಸಾಬ ಕೂತಿದ್ದ.

"ಹಂಗಾದ್ರ ತಪ್ಪು ನಿಂದೇ," ಎಂದರು ಅಜ್ಜನವರು.

ನನಗೆ ಜೀವ ಹಾರಿದಂತಾಯಿತು. ಇದನ್ನು ಕೇಳಿಸಲು ಇವನನ್ನು ಇಷ್ಟು ದೂರ ತಂದೆನೆ? ಆದರೆ ಮೂರು ವರ್ಷದಲ್ಲಿ ಮೊದಲ ಬಾರಿಗೆ ಸಂಗಮನಾಥ ಅತ್ತ. ಅಜ್ಜನವರು ಸಮಾಧಾನ ಹೇಳಲಿಲ್ಲ, ಅಡಿಗೆಮನೆಯತ್ತ ಕೈ ತೋರಿದರು.

"ಅಲ್ಲಿ ರೊಟ್ಟಿ ಬಡಿಯಾಕಿ ಚಾಂದಬಿ. ಲಾಡ್ಲೇಸಾಬನ ಹೆಂಡತಿ. ಆಕಿ ನೆತ್ತಿ ಸುಡ್ತದ. ಒಂದು ಚಾವಣಿ ಹಾಕಿಕೊಡು."

ಅವನು ಅಂಗಳದ ಮಣ್ಣಿನಲ್ಲಿ ಬೆರಳಿನಿಂದ ಗೆರೆ ಎಳೆದ. ಆ ಗೆರೆ ನಾನು ಕಲಿಸಿದ್ದಕ್ಕಿಂತ ಸೊಟ್ಟಗಿತ್ತು.

ಚಾವಣಿ ಹಾಕಿ ಇಪ್ಪತ್ತೆಂಟು ದಿನ ಅವನೇ ಅದಕ್ಕೆ ನೀರು ಹೊಡೆದ. ಆಧಾರ ಬಿಚ್ಚುವ ದಿನ ಹೋಗಿ ಕೆಳಗೆ ಕೂತ. ಅಜ್ಜನವರು ಬಂದು ಅವನ ಮಗ್ಗುಲಲ್ಲಿ ಕೂತರು. ಅಜ್ಜನವರ ಮಗ್ಗುಲಲ್ಲಿ ನಾನು, ಚಾವಣಿ ಬಿದ್ದರೆ ಒಂದೇ ಕೈಯಲ್ಲಿ ಹಿಡಿಯುತ್ತೇನೆಂದು ಎದೆ ಸೆಟೆಸಿ ಕೂತೆ. ಕಂಬಗಳು ಒಂದೊಂದಾಗಿ ಹೊರಬಂದವು. ಚಾವಣಿ ನಿಂತಿತು.

ಚಾಂದಬಿ ರೊಟ್ಟಿ ತಂದು ಅವನ ತಟ್ಟೆಗೆ ಹಾಕಿದಳು. ಮುಖ ನೋಡಲಿಲ್ಲ.

"ಅವತ್ತ ಕೂಡಬೇಕಿತ್ರೀ, ಸಾಹೇಬ್ರ," ಎಂದಳು, ಅಷ್ಟೇ.

ಆ ಒಂದು ರೊಟ್ಟಿ ತಿಂದು ಮುಗಿಸಲು ಅವನಿಗೆ ಮಧ್ಯಾಹ್ನವೆಲ್ಲ ಬೇಕಾಯಿತು. ಕ್ಷಮೆ ಸಿಗಲಿಲ್ಲ, ಇಂದಿಗೂ ಸಿಕ್ಕಿಲ್ಲ. ಆದರೆ ಅಂದಿನಿಂದ ಅವನು ಬರೆದ ಪ್ರತಿಯೊಂದು ಚಾವಣಿಯ ಕೆಳಗೂ, ಆಧಾರ ಬಿಚ್ಚುವ ದಿನ, ರೊಟ್ಟಿ ಹಿಡಿದು ಮೊದಲು ಕೂರುವವನು ಅವನೇ. ಪ್ರಶಸ್ತಿಗೆ ಕರೆದರೆ ಹೋಗುವುದಿಲ್ಲ. ಅಕ್ಕ ಬಾಗಿಲಿಗೆ ಚಿಲಕ ಮತ್ತೆ ಹಾಕಿಸಿದ್ದಾಳೆ.

ಎಲ್ಲವೂ ಸತ್ಯ. ಒಂದು ಸಣ್ಣ ವಿವರ ಮಾತ್ರ ನಾನು ಸೇರಿಸಿದ್ದು. ಅಂದು ಚಾವಣಿಯ ಕೆಳಗೆ ನಾನು ಕೂತಿರಲಿಲ್ಲ. ಅಂಗಳದಾಚೆ ಬೇವಿನ ಮರಕ್ಕೆ ಒರಗಿ ನಿಂತಿದ್ದೆ. ಅಜ್ಜನವರು ಮಗ್ಗುಲಲ್ಲಿ ಒಬ್ಬನಿಗಾಗುವಷ್ಟು ಜಾಗ ಬಿಟ್ಟೇ ಕೂತಿದ್ದರು. ನನ್ನ ಕಡೆ ಒಮ್ಮೆ ನೋಡಿದರು. ಕರೆಯಲಿಲ್ಲ.