ಕರಿಕಿವಿ ಕೇಳಿದ ಉಪ್ಪು

ಮಾಳಪ್ಪ ಎಂಬ ಕುರಿಗಾರನಿದ್ದ. ಅವನಿಗೊಬ್ಬ ಅಕ್ಕ, ಯಮನವ್ವ. ಇಬ್ಬರೂ ಸೇರಿ ದೊಡ್ಡದೊಂದು ಹಿಂಡು ಸಾಕಿದ್ದರು. ಬೆಳೆ ಕೊಯ್ದ ಹೊಲಗಳಲ್ಲಿ ಮಂದೆ ನಿಲ್ಲಿಸುವುದು ಅವರ ಕಸುಬು. ಹೊಲಕ್ಕೆ ಗೊಬ್ಬರವಾಗುತ್ತಿತ್ತು, ಕುರಿಗೆ ಮೇವಾಗುತ್ತಿತ್ತು, ಇವರಿಗೆ ಹೊಲದವರು ಜೋಳ ಕೊಡುತ್ತಿದ್ದರು. ಒಂದೂರು ಮುಗಿದರೆ ಮುಂದಿನೂರು. ಆ ಹಿಂಡು ಬಿಟ್ಟರೆ ಅಕ್ಕ ತಮ್ಮಂದಿರಿಗೆ ಬೇರೆ ಆಸ್ತಿ ಇರಲಿಲ್ಲ.

ಹಿಂಡಿಗೆ ಮುಂದಾಳು ಒಂದು ಹೆಣ್ಣು ಕುರಿ. ಮೈಯೆಲ್ಲ ಕಂದು, ಒಂದು ಕಿವಿ ಮಾತ್ರ ಕಡುಗಪ್ಪು. ಅದಕ್ಕೇ ಕರಿಕಿವಿ ಎಂದು ಹೆಸರು. ಅದು ನಡೆದರೆ ಹಿಂಡೆಲ್ಲ ನಡೆಯುತ್ತಿತ್ತು. ಅದು ನಿಂತರೆ ಉಳಿದವುಗಳನ್ನು ಯಾರೂ ಅಲುಗಿಸುವಂತಿರಲಿಲ್ಲ.

ಒಬ್ಬೊಬ್ಬ ಕುರಿಗಾರನ ಕೂಗು ಒಂದೊಂದು ಬಗೆ. ಮಾಳಪ್ಪ "ಹೋರ್ರ್... ಹೋ ಹೋ" ಎಂದು ಎಳೆದು ಕೂಗಿದರೆ ಅವನ ಕುರಿಗಳು ಮಲಗಿದಲ್ಲಿಂದ ಎದ್ದು ನಿಲ್ಲುತ್ತಿದ್ದವು. ಪಕ್ಕದವನ ಕೂಗಿಗೆ ಅವು ಕಿವಿಯನ್ನೂ ಎತ್ತುತ್ತಿರಲಿಲ್ಲ.

ಇನ್ನೊಂದು ರೂಢಿ ಇತ್ತು. ಬೆಳಿಗ್ಗೆ, ರಾತ್ರಿ ಮಂದೆಯ ಸುತ್ತ ಬೇಲಿಯಂತೆ ಕಟ್ಟಿದ ಬಲೆ ಬಿಚ್ಚಿ ಹಿಂಡು ಹೊರಡಿಸುವ ಮುನ್ನ ಯಮನವ್ವ ಸೊಂಟದ ಸಂಚಿಯಿಂದ ಚಿಟಿಕೆ ಉಪ್ಪು ತೆಗೆದು ಅಂಗೈಯಲ್ಲಿ ಹಿಡಿಯುತ್ತಿದ್ದಳು. ಕರಿಕಿವಿ ಬಂದು ನೆಕ್ಕುತ್ತಿತ್ತು. ಆಮೇಲೆಯೇ ಅದು ಬಲೆ ದಾಟುವುದು. ಅವರ ಅವ್ವ ಹಾಗೆ ಮಾಡುತ್ತಿದ್ದಳು, ಅವಳು ತೀರಿಕೊಂಡ ಮೇಲೆ ಮಗಳು ಮುಂದುವರಿಸಿದ್ದಳು.

ಹೀಗಿರುವಾಗ ಮಾಳಪ್ಪನ ಕೈಗೆ ಹೊಸ ಮೊಬೈಲ್ ಬಂತು. ಜಾಲತಾಣದಲ್ಲಿ ಖಾತೆ ತೆರೆದ. ಮನುಷ್ಯ ಒಳ್ಳೆಯವನೇ, ಆದರೆ ಅವನ ಹೊಟ್ಟೆಯಲ್ಲಿ ಒಂದು ಮಾತೂ ನಿಲ್ಲುತ್ತಿರಲಿಲ್ಲ. ಹೆಸರು, ಊರು, ಅಪ್ಪನ ಹೆಸರು, ಹುಟ್ಟಿದ ದಿನ, ಫೋನ್ ನಂಬರು ಎಲ್ಲ ಹಾಕಿದ. ತಾನು ಕುರಿಗಳನ್ನು ಕೂಗಿ ಕರೆಯುವ ವಿಡಿಯೊ ಹಾಕಿದ. ನಾಯಿ ಮೋತಿಗೆ ಸಜ್ಜೆ ರೊಟ್ಟಿ ಎಂದರೆ ಪ್ರಾಣ ಎಂದು ಇನ್ನೊಂದು ವಿಡಿಯೊ. ಇವತ್ತು ಯಾರ ಹೊಲದಲ್ಲಿದ್ದೇವೆ, ನಾಳೆ ಎಲ್ಲಿಗೆ ಹೋಗುತ್ತೇವೆ ಎಂದು ದಿನವೂ ಡಂಗುರ. ಯಾರು ಸ್ನೇಹ ಕೇಳಿದರೂ ಹ್ಞೂಂ ಎಂದ.

"ತಮ್ಮಾ, ಎಲ್ಲಿ ಅದೀವಿ, ಯಾವಾಗ ಹೊಂಡತೀವಿ ಅಂತ ಜಗತ್ತಿಗೆಲ್ಲಾ ಯಾಕ ಹೇಳ್ತಿ?" ಎಂದು ಯಮನವ್ವ ಕೇಳಿದಳು.

"ಎಲ್ಲಾರೂ ನಮ್ಮ ದೋಸ್ತರು ಅಕ್ಕಾ. ಎಷ್ಟ್ ಮಂದಿ ಮೆಚ್ಯಾರ ನೋಡು."

"ಅವರ ಮಾರಿ ನೋಡೀಯೇನು?"

"ಫೋಟೊ ನೋಡೀನಿ."

"ಫೋಟೊ ಯಾರದ್ದರ ಹಾಕಬಹುದಲ್ಲೋ ಹುಚ್ಚಾ."

ಮಾಳಪ್ಪ ನಕ್ಕುಬಿಟ್ಟ. ಮರುದಿನ ಬೆಳಿಗ್ಗೆ ಅಕ್ಕ ಉಪ್ಪು ನೆಕ್ಕಿಸುವುದನ್ನೂ ವಿಡಿಯೊ ಮಾಡಲು ಮೊಬೈಲ್ ಎತ್ತಿದ. ಯಮನವ್ವ ತಟ್ಟನೆ ಅದರ ಮೇಲೆ ಅಂಗೈ ಇಟ್ಟಳು.

"ಇದೊಂದು ಬ್ಯಾಡ. ಇದು ಅವ್ವ ನನಗ ಕಲಿಸಿದ್ದು. ನಮ್ಮ ನಮ್ಮೊಳಗ ಇರ್ಲಿ."

ಹಳೇ ಕಾಲದವಳು ಎಂದು ಗೊಣಗುತ್ತಾ ಮಾಳಪ್ಪ ಮುಖ ಊದಿಸಿಕೊಂಡ. ಆದರೆ ಅಕ್ಕನ ಮಾತು ಮೀರಲಿಲ್ಲ. ಇಡೀ ಕಥೆಯಲ್ಲಿ ಅವನು ಮಾಡಿದ ಜಾಣತನದ ಕೆಲಸ ಇದೊಂದೇ, ಅದೂ ಮನಸ್ಸಿಲ್ಲದೆ ಮಾಡಿದ್ದು.

ಆ ಸಲ ಮಂದೆ ಗುರುಪಾದಗೌಡರ ಹೊಲದಲ್ಲಿತ್ತು. ಒಂದು ಬೆಳಿಗ್ಗೆ ಮರಿಗಳು ಭೇದಿಯಿಂದ ಸೊರಗಿದ್ದವು. ಹಿಂಡನ್ನು ಬಲೆಯೊಳಗೇ ಬಿಟ್ಟು ಮಾಳಪ್ಪ ಔಷಧ ತರಲು ಪೇಟೆಯ ದನದ ದವಾಖಾನೆಗೆ ಹೊರಟ. ಯಮನವ್ವ ಕಂಬಳಿ ತೊಳೆಯಲು ಹತ್ತಿರದ ಕಾಲುವೆಗೆ ಹೋದಳು. ಅಷ್ಟು ಹೊತ್ತು ಹಿಂಡು ನೋಡಿಕೊಳ್ಳುತ್ತೇನೆಂದು ಗೌಡರು ಬೇವಿನ ನೆರಳಲ್ಲಿ ಕುಳಿತರು. ನಮ್ಮ ಮಾಳಪ್ಪ ಬಸ್ ನಿಲ್ದಾಣದಲ್ಲಿ ಸುಮ್ಮನೆ ನಿಂತಾನೆಯೇ? ಸೆಲ್ಫಿ ತೆಗೆದು, ತಾನು ಪೇಟೆಗೆ ಹೊರಟಿರುವುದು, ಅಕ್ಕ ಕಾಲುವೆಗೆ ಹೋಗಿರುವುದು, ಗೌಡರು ಹಿಂಡು ಕಾಯುತ್ತಿರುವುದು, ಎಲ್ಲವನ್ನೂ ಬರೆದು ಹಾಕಿದ.

ಗೌಡರೂ ಅದೇ ಜಾಲತಾಣದಲ್ಲಿದ್ದರು. ಸ್ವಲ್ಪ ಹೊತ್ತಿಗೆ ಅವರ ಮೊಬೈಲಿಗೆ ಒಂದು ಸಂದೇಶ ಬಂತು. ಮಾಳಪ್ಪನದೇ ಹೆಸರು, ಮಾಳಪ್ಪನದೇ ಫೋಟೊ. 'ಗೌಡ್ರ, ಹಳೇ ಖಾತೆ ಕೆಟ್ಟೈತ್ರಿ, ಇದು ಹೊಸಾದು. ಮಂದೆ ಇವತ್ತ ಬ್ಯಾರೆ ಊರಿಗೆ ಹೋಗಬೇಕು. ನಮ್ಮ ಕಾಕಾನ ಮಕ್ಕಳು ಲಾರಿ ತಗೊಂಡು ಬರ್ತಾರ. ಬಲೆ ಬಿಚ್ಚಿ ಕೊಡ್ರಿ.'

ಗೌಡರು ಪೂರ್ತಿ ಮುಗ್ಧರೇನಲ್ಲ. ನಿಮ್ಮಪ್ಪನ ಹೆಸರೇನು, ಊರು ಯಾವುದು, ನಾಯಿಯ ಹೆಸರೇನು ಎಂದು ಕೇಳಿ ಕಳುಹಿಸಿದರು. ಕೇಳಿದ್ದಕ್ಕೆಲ್ಲ ಸರಿಯಾದ ಉತ್ತರ ಬಂತು. ಬರದೆ ಏನು, ಮಾಳಪ್ಪ ತನ್ನ ಕೈಯಾರೆ ಬರೆದಿಟ್ಟ ಉತ್ತರಗಳೇ ಅವು. ಒಮ್ಮೆ ಫೋನ್ ಮಾಡಿ ಮಾತಾಡೋಣ ಎಂದುಕೊಂಡಿದ್ದ ಗೌಡರು, ಎಲ್ಲ ಸರಿ ಇದೆಯಲ್ಲ ಎಂದು ಸುಮ್ಮನಾದರು.

ಲಾರಿ ಬಂತು. ಇಬ್ಬರು ಇಳಿದರು. ಮೋತಿ ಬೊಗಳಲು ಬಾಯಿ ತೆರೆಯುವಷ್ಟರಲ್ಲಿ ಹೆಸರು ಹಿಡಿದು ಕರೆದು ಸಜ್ಜೆ ರೊಟ್ಟಿ ಎಸೆದರು. ಮೋತಿ ಬಾಲ ಅಲ್ಲಾಡಿಸಿತು. ಗೌಡರು ತಾವೇ ಬಲೆ ಬಿಚ್ಚಿದರು. ಬಂದವರಲ್ಲಿ ಒಬ್ಬ ಮೊಬೈಲ್ ಎತ್ತಿ ಹಿಡಿದ. "ಹೋರ್ರ್... ಹೋ ಹೋ!" ಸ್ವತಃ ಮಾಳಪ್ಪನ ದನಿ.

ಹಿಂಡು ಎದ್ದು ನಿಂತಿತು. ಕರಿಕಿವಿ ನೇರವಾಗಿ ಬಲೆಯ ಬಾಯಿಗೆ ಬಂತು. ಎದುರಿಗಿದ್ದವನ ಬಲಗೈ ಮೂಸಿತು. ಎಡಗೈ ಮೂಸಿತು. ಇನ್ನೊಬ್ಬನ ಕೈಗಳನ್ನೂ ಮೂಸಿತು. ಆಮೇಲೆ ಮುಂಗಾಲಿನಿಂದ ನೆಲ ಒದ್ದು, ಹಿಂದಕ್ಕೆ ತಿರುಗಿ, ನಡುವೆ ಹೋಗಿ ಮಲಗಿಬಿಟ್ಟಿತು. ಅದರ ಹಿಂದೆ ಹೊರಟಿದ್ದ ಹಿಂಡು ಅಲ್ಲಲ್ಲೇ ನಿಂತಿತು.

ಕಳ್ಳರು ಕೂಗನ್ನು ಮತ್ತೆ ಮತ್ತೆ ಹಾಕಿದರು. ಒಂದು ಕುರಿಯೂ ಕದಲಲಿಲ್ಲ. ಸಿಟ್ಟಿಗೆದ್ದ ಒಬ್ಬ ಕರಿಕಿವಿಯ ಕಿವಿ ಹಿಡಿದು ದರದರ ಎಳೆದ. ಕರಿಕಿವಿ ಜೀವ ಹೋಗುವಂತೆ ಅರಚಿತು. ಕಾಲುವೆಯಲ್ಲಿದ್ದ ಯಮನವ್ವ ಅದನ್ನು ಕೇಳಿ ಕಂಬಳಿ ಬಿಟ್ಟು ಓಡಿ ಬಂದಳು.

"ಯಾರಪಾ ನೀವು?"

"ಮಾಳಪ್ಪನ ಕಾಕಾನ ಮಕ್ಕಳ್ರೀ ಅಕ್ಕಾರ."

"ನಮ್ಮಪ್ಪಗ ತಮ್ಮಂದಿರ ಇಲ್ಲ. ಕಾಕಾ ಎಲ್ಲಿಂದ ಬಂದಾ?"

ಗೌಡರ ಮುಖ ಬಿಳಿಚಿಕೊಂಡಿತು. ಅವರು "ಕಳ್ಳರೂ!" ಎಂದು ಊರಿಗೆ ಕೇಳುವಂತೆ ಕೂಗಿದರು. ಅಕ್ಕಪಕ್ಕದ ಹೊಲದವರು ಕೈಗೆ ಸಿಕ್ಕಿದ್ದು ಹಿಡಿದು ಬರುವಷ್ಟರಲ್ಲಿ ಕಳ್ಳರು ಲಾರಿ ಹತ್ತಿ ಓಡಿಹೋದರು. ಗೌಡರು ಪೊಲೀಸರಿಗೆ ಫೋನ್ ಮಾಡಿದರು.

ಸಂಜೆ ಮಾಳಪ್ಪ ಔಷಧ ಹಿಡಿದು ಬಂದ. ನಡೆದದ್ದನ್ನೆಲ್ಲ ಕೇಳಿ ಅಕ್ಕನ ಮುಂದೆ ಕುಳಿತ.

"ನನ್ನ ದನಿ ಕೇಳಿ ಎದ್ದು ಹೊಂಟಿದ್ವೇನಕ್ಕಾ?"

"ಹೊಂಟಿದ್ವು. ನಿನ್ನ ದನಿ ಮ್ಯಾಲ ಅವಕ್ಕ ಅಷ್ಟ್ ನಂಬಿಗಿ."

ಅವಳು ಬೈದಿದ್ದರೆ ಅವನಿಗೆ ಅಷ್ಟು ನೋವಾಗುತ್ತಿರಲಿಲ್ಲ. ಅಕ್ಕನ ಪಾದದ ಮೇಲೆ ತಲೆಯಿಟ್ಟು ಮಗುವಿನಂತೆ ಅತ್ತ. "ನೀ ಅವತ್ತ ಕೈ ಅಡ್ಡ ಇಡದಿದ್ರ ಇವತ್ತ ಹಟ್ಟಿ ಬರಿದಾಗ್ತಿತ್ತು. ನಿನ್ನ ಉಪಕಾರ ಹ್ಯಾಂಗ ತೀರಿಸ್ಲಿ?"

"ನನಗ ಕಲಿಸಿದಾಕಿ ಅವ್ವ. ಅಕೀಗೆ ಕೈ ಮುಗಿ. ಆ ಮ್ಯಾಲ ಕರಿಕಿವಿಗೆ" ಎಂದಳು ಯಮನವ್ವ.

"ನಂದೂ ತಪ್ಪೈತಿ ಮಾಳಪ್ಪಾ. ಒಂದ್ ಫೋನ್ ಹಚ್ಚಿ ನಿನ್ನ ದನಿ ಕೇಳಬೇಕಿತ್ತು" ಎಂದರು ಗೌಡರು.

ಪಂಚಾಯಿತಿಯಲ್ಲಿ ಕಂಪ್ಯೂಟರ್ ಕೆಲಸ ಮಾಡುವ ಗೌಡರ ಸೊಸೆ ಬಂದು ಮಾಳಪ್ಪನ ಪಕ್ಕ ಕುಳಿತಳು. ಅವನ ಹೆಸರಿನ ನಕಲಿ ಖಾತೆಯ ಮೇಲೆ ದೂರು ಕೊಡಿಸಿದಳು. ಹುಟ್ಟಿದ ದಿನ, ಫೋನ್ ನಂಬರು, ಕೂಗಿನ ವಿಡಿಯೊ ಎಲ್ಲ ಅಳಿಸಿ ಹಾಕಿಸಿದಳು. ಗುರುತಿಲ್ಲದವರನ್ನು ಸ್ನೇಹಿತರ ಸಾಲಿನಿಂದ ತೆಗೆಸಿದಳು. ಇನ್ನು ಮೇಲೆ ಪರಿಚಯದವರಿಗೆ ಮಾತ್ರ ಕಾಣುವಂತೆ ಮಾಡಿಕೊಟ್ಟಳು. "ಈಗಾಗ್ಲೇ ನೋಡಿದವರ ಕಣ್ಣಿಂದ ಅಳಸಾಕ ಆಗೂದಿಲ್ಲಣ್ಣಾ. ಮುಂದರ ಹುಷಾರಿರು" ಎಂದಳು. ಮಾಳಪ್ಪ ಅವಳಿಗೂ ಕೈ ಮುಗಿದ. ಮರುದಿನದಿಂದ ಕೂಗಿನ ಧಾಟಿಯನ್ನೂ ಬದಲಿಸಿ ಕುರಿಗಳಿಗೆ ಹೊಸದಾಗಿ ಕಲಿಸತೊಡಗಿದ.

ಆ ಮರುದಿನ ಬೆಳಿಗ್ಗೆಯೇ ನಡೆದದ್ದನ್ನು ಹೇಳಿ ಮುಗಿಸುತ್ತೇನೆ. ಯಮನವ್ವ ಎಂದಿನಂತೆ ಸಂಚಿಗೆ ಕೈ ಹಾಕಿದಳು. ಬಿಸಿಲು ಆಗತಾನೆ ಹೊಲದ ಮೇಲೆ ಬಿದ್ದಿತ್ತು. ಮಾಳಪ್ಪನ ಎದೆ ತುಂಬಿ ಬಂತು. ಈ ಕೈಗೆ ಎಲ್ಲರೂ ನಮಸ್ಕಾರ ಮಾಡಲಿ ಎಂದು ತನಗರಿವಿಲ್ಲದೆಯೇ ಮೊಬೈಲ್ ಎತ್ತಿದ.

ಯಮನವ್ವ ಅವನ ಮುಖ ನೋಡಿದಳು. ಮಾಳಪ್ಪ ನಾಚಿ ಮೊಬೈಲನ್ನು ಅಂಗಿಯ ಜೇಬಿಗೆ ಇಳಿಬಿಟ್ಟು, ಖಾಲಿಯಾದ ಕೈಯನ್ನು ಅಕ್ಕನ ಮುಂದೆ ಚಾಚಿದ. ಅವಳು ನಕ್ಕು ಆ ಅಂಗೈಯಲ್ಲಿ ಚಿಟಿಕೆ ಉಪ್ಪು ಇಟ್ಟಳು. ಕರಿಕಿವಿ ಬಂದು ನೆಕ್ಕಿ ಬಲೆ ದಾಟಿತು.

ನೀತಿ: ನಮ್ಮ ಹೆಸರು, ಮುಖ, ದನಿ, ಮನೆಯ ಸಂಗತಿಗಳೇ ನಮ್ಮನ್ನು ನಂಬಿದವರಿಗೆ ನಮ್ಮ ಗುರುತು. ಜಾಲತಾಣದಲ್ಲಿ ಅವನ್ನು ಕಂಡಕಂಡವರ ಕೈಗೆ ಕೊಟ್ಟರೆ ಕಳ್ಳ ನಮ್ಮ ವೇಷದಲ್ಲೇ ನಮ್ಮವರ ಬಾಗಿಲಿಗೆ ಬರುತ್ತಾನೆ. ಬಚ್ಚಿಡಬೇಕಾದ್ದನ್ನು ಬಚ್ಚಿಡಿ, ಅನುಮಾನ ಬಂದರೆ ಫೋನ್ ಮಾಡಿ ದನಿ ಕೇಳಿ ಮಾತಾಡಿ. "ಇದೊಂದು ಬ್ಯಾಡ" ಎಂದು ಕೈ ಅಡ್ಡ ಇಡುವವರು ನಿಮ್ಮ ಮನೆಯಲ್ಲಿದ್ದರೆ ಮುಖ ಊದಿಸಿಕೊಳ್ಳಬೇಡಿ, ಇವತ್ತೇ ಅವರಿಗೊಂದು ಕೃತಜ್ಞತೆ ಹೇಳಿ.