ಗಾಡಿಮನೆಯಲ್ಲಿ ಮೊದಲ ಊಟ

ತಿಪಟೂರಿನ ರಾಯರಿಗೆ ಕ್ಯಾರವಾನ್ ಕೊಳ್ಳುವ ಹುಚ್ಚು ಹಿಡಿಯಿತು. ಅಡುಗೆಮನೆ, ಮಂಚ ಎಲ್ಲ ಒಳಗೇ ಇರುವ ಗಾಡಿ. ಮಾರಲು ಬಂದ ಪರಮೇಶಿ ಗರಿಗರಿ ಬಿಳಿ ಪಂಚೆ ಉಟ್ಟು, "ಇದು ಅರಮನೆ ರಾಯರೇ! ಓಡುತ್ತಿದ್ದರೂ ಒಳಗಿದ್ದವರಿಗೆ ಗೊತ್ತೇ ಆಗಲ್ಲ. ಹೇಳಿದ ಬೆಲೆಗೆ ಈಗಲೇ ಹ್ಞೂಂ ಅನ್ನಿ, ಇಲ್ಲಾಂದ್ರೆ ಸಂಜೆಗೆ ಬೇರೆಯವರ ಪಾಲು" ಎಂದ.

ರಾಯರು ಬಾಯಿ ತೆರೆಯುವಷ್ಟರಲ್ಲಿ ಅಡುಗೆಯ ತುಂಗಮ್ಮ ಅಡ್ಡ ಬಂದಳು.

"ಹೊಸ ಮನೇಲಿ ಮೊದಲು ಅತಿಥಿಗೆ ಊಟ ಹಾಕಬೇಕಲ್ವಾ? ಬನ್ನಿ ಸ್ವಾಮಿ, ಒಳಗೇ ಎಲೆ ಹಾಕ್ತೀನಿ. ರಾಯರು ನಿಧಾನಕ್ಕೆ ಓಡಿಸ್ತಾರೆ."

ಪರಮೇಶಿ ಉಬ್ಬಿಹೋಗಿ ಕೂತ. ತುಂಗಮ್ಮ ಮೇಜಿನ ಮೇಲೆ ಬಾಳೆಲೆ ಹಾಸಿ, ಅನ್ನಕ್ಕೆ ನೀರು ನೀರಾದ ಸಾರು ಬಡಿಸಿ, ಕಂಬಿ ಹಿಡಿದು ನಿಂತಳು.

ರಾಯರು ಹೊರಡಿಸಿದ ಗಾಡಿ ರಸ್ತೆಯ ಮೊದಲ ಹಂಪ್ ಹತ್ತಿ ಇಳಿಯಿತು. ಸಾರು ಎಲೆಯಿಂದ ಪಂಚೆಗೆ ಇಳಿಯಿತು. ಮುಂದಿನ ಹಂಪ್‌ಗೆ ಕಪಾಟಿನ ಬಾಗಿಲು ಕಿತ್ತುಬಂದು ಅವನ ತೊಡೆ ಮೇಲೆ ಬಿತ್ತು. ಆಮೇಲೆ ಮೇಜಿನ ಕಾಲೇ ಮಡಚಿಕೊಂಡಿತು. ಊಟದ ನಡುವೆ ಎಲೆ ಬಿಟ್ಟು ಏಳುವಂತಿಲ್ಲ! ಪರಮೇಶಿ ಎಲೆಯನ್ನು ಎರಡೂ ಕೈಯಲ್ಲಿ ಅವಚಿ ಹಿಡಿದು ಕೂಗಿದ:

"ನಿಲ್ಲಿಸಿ ರಾಯರೇ! ಅರ್ಧ ಬೆಲೆಗೇ ಕೊಡ್ತೀನಿ!"

ತುಂಗಮ್ಮ ಸೌಟು ಎತ್ತಿದಳು.

"ಅವಸರ ಯಾಕೆ ಸ್ವಾಮಿ? ಪಾಯಸ ಇನ್ನೂ ಬಡಿಸೇ ಇಲ್ಲ."